ಎಂಜಿನ್ ಬದಲಿಸಿದ ಮೇಲೂ ಅದು ಅದೇ ಕಾರಾ? ಪರೀಕ್ಷೆ ಮಾಡುವುದು ಹೀಗೆ

ಕಾರಿನ ಹಿಂದೆ ಮಾಜ್ದಾ ಆರ್‌ಎಕ್ಸ್-7 ಅಂತ ಬ್ಯಾಡ್ಜ್ ಇದೆ. ಬಾನೆಟ್ ಎತ್ತಿದರೆ ಒಳಗೆ ಮಾಜ್ದಾದ ಎಂಜಿನ್ ಬದಲು ಅಮೆರಿಕದ ಕಾರ್ವೆಟ್ ಕಾರಿನ ವಿ8 (ಎಂಟು ಸಿಲಿಂಡರಿನ) ಎಂಜಿನ್ ಕೂತಿದೆ. ಸುತ್ತ ನಿಂತವರಲ್ಲಿ ಅರ್ಧ ಜನ ಫೋನ್ ತೆಗೆದು ಫೋಟೋ ಹೊಡೆಯುತ್ತಾರೆ, ಇನ್ನರ್ಧ ಜನ ಸಾವಿನ ಮನೆಗೆ ಬಂದವರ ಹಾಗೆ ತಲೆ ತಗ್ಗಿಸಿ ಮುಂದೆ ಹೋಗುತ್ತಾರೆ. ಆಮೇಲೆ ಜಗಳ ಶುರು.

ಈ ಜಗಳ ಯಾಕೆ ಮುಗಿಯಲ್ಲ ಅಂದ್ರೆ, ಎರಡೂ ಕಡೆಯವರು ಎಲ್ಲ ಕಾರಿಗೂ ಒಂದೇ ಉತ್ತರ ಅಂಟಿಸುತ್ತಾರೆ. ಎಂಜಿನ್ನೇ ಕಾರಿನ ಜೀವ ಅಂತ ಒಬ್ಬರು, ಅದೊಂದು ಬಿಡಿಭಾಗ ಅಷ್ಟೇ ಅಂತ ಇನ್ನೊಬ್ಬರು. ಬೇತಾಳ ವಿಕ್ರಮನಿಗೆ ಕೇಳಿದ ಪ್ರಶ್ನೆ ನೆನಪಿದೆಯಲ್ವಾ, ಇಬ್ಬರ ತಲೆ ಅದಲುಬದಲಾದರೆ ಆ ಹೆಂಗಸಿನ ಗಂಡ ಯಾರು ಅಂತ? ಗಂಡನ ತಲೆ ಯಾರ ಮೇಲಿದೆಯೋ ಅವನೇ ಅಂತ ರಾಜ ಹೇಳಿಬಿಟ್ಟ. ಕಾರಿನ ವಿಷಯದಲ್ಲಿ ಅಷ್ಟು ಸುಲಭ ಇಲ್ಲ, ಯಾಕಂದ್ರೆ ತಲೆ ಯಾವುದು ಅನ್ನುವುದೇ ಕಾರಿಂದ ಕಾರಿಗೆ ಬೇರೆ. ಕೆಲವು ಕಾರನ್ನು ಎಂಜಿನ್ ಸುತ್ತ ಕಟ್ಟಿರುತ್ತಾರೆ. ಕೆಲವನ್ನು ಮೊದಲು ಕಟ್ಟಿ, ಆಮೇಲೆ ಯಾರ ಹತ್ತಿರ ಎಂಜಿನ್ ಸಿಗುತ್ತದೆ ಅಂತ ಹುಡುಕಿಕೊಂಡು ಹೋಗಿರುತ್ತಾರೆ.

ಹಾಗಾಗಿ ಸ್ವಾಪ್ (ಅಂದ್ರೆ ಎಂಜಿನ್ ಬದಲಾವಣೆ) ಮಾಡಿಸುವ ಮೊದಲು, ಅಥವಾ ಸ್ವಾಪ್ ಆದ ಕಾರು ಕೊಳ್ಳುವ ಮೊದಲು, ನಿಮ್ಮ ಕಾರು ಯಾವ ಜಾತಿಯದು ಅಂತ ಪತ್ತೆ ಮಾಡಿ. ನಾನು ನೋಡುವ ಕ್ರಮ ಇದು.

ಮೊದಲು, ಕಂಪನಿಯವರು ಏನು ಮಾಡಿದ್ದರು ಅಂತ ನೋಡಿ

ಎಂಜಿನ್ ಬದಲಾದಾಗ ಕಂಪನಿಯೇ ಕಾರಿನ ಹೆಸರು ಬದಲಿಸಿತ್ತಾ? ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ, ಆದರೂ ಜಗಳ ಆಡುವವರು ಇದನ್ನು ನೋಡುವುದೇ ಇಲ್ಲ.

ಮಾಜ್ದಾ ತಗೊಳ್ಳಿ. 1970ರ ದಶಕದಲ್ಲಿ ಅವರು ಒಂದೇ ಬಾಡಿಯನ್ನು ಎರಡು ಎಂಜಿನ್ ಜೊತೆ ಮಾರುತ್ತಿದ್ದರು. ಸಾಮಾನ್ಯ ಪಿಸ್ಟನ್ ಎಂಜಿನ್ ಇದ್ದರೆ ಅದು 808, ರೋಟರಿ (ಪಿಸ್ಟನ್ ಬದಲು ತಿರುಗುವ ರೋಟರ್ ಇರುವ ಎಂಜಿನ್) ಇದ್ದರೆ ಆರ್‌ಎಕ್ಸ್-3. ಪಿಸ್ಟನ್ ಇದ್ದರೆ 616, ರೋಟರಿ ಇದ್ದರೆ ಆರ್‌ಎಕ್ಸ್-2. ಅದೇ ಬಾಗಿಲು, ಅದೇ ಗಾಜು, ಹೆಸರು ಮಾತ್ರ ಬೇರೆ. ಅಂದ್ರೆ ಆರ್‌ಎಕ್ಸ್ ಅನ್ನುವ ಹೆಸರು ಬಾಡಿಗೆ ಸೇರಿದ್ದಲ್ಲ, ಎಂಜಿನ್ನಿಗೆ ಸೇರಿದ್ದು. ಇದನ್ನು ನಾನು ಹೇಳುತ್ತಿಲ್ಲ, ಕಾರು ಮಾಡಿದವರೇ ಹೇಳಿದ್ದಾರೆ.

ಪೋರ್ಷೆ ಕೂಡ ಹಾಗೇ ಮಾಡಿತು. 1965ರಲ್ಲಿ 911ರ ಬಾಡಿಗೆ ನಾಲ್ಕು ಸಿಲಿಂಡರಿನ ಎಂಜಿನ್ ಹಾಕಿ, ಬೆಲೆ ಇಳಿಸಿ, 912 ಅಂತ ಕರೆದರು. ಆದರೆ 1998ರ ಹೊತ್ತಿಗೆ 911ರ ಎಂಜಿನ್ ಗಾಳಿಯಿಂದ ತಂಪಾಗುವುದನ್ನು ಬಿಟ್ಟು ನೀರಿಗೆ ಹೋಯಿತು, ಒಂದು ಬೋಲ್ಟ್ ಕೂಡ ಹಳೆಯದು ಉಳಿಯಲಿಲ್ಲ ಅನ್ನುವಷ್ಟು ಬದಲಾಯಿತು, ಹೆಸರು ಮಾತ್ರ 911 ಆಗಿಯೇ ಉಳಿಯಿತು. ಅಡ್ಡಡ್ಡ ಮಲಗಿದ ಆರು ಸಿಲಿಂಡರ್, ಅದೂ ಹಿಂದಿನ ಚಕ್ರಗಳ ಆಚೆ. ಅವರಿಗೆ ಇಷ್ಟು ಉಳಿದರೆ ಸಾಕಿತ್ತು. ನಿಮ್ಮ ಕಾರಿನಲ್ಲೂ ಇಂಥ "ಇಷ್ಟು ಉಳಿದರೆ ಸಾಕು" ಯಾವುದು ಅಂತ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಈಗ ಉಲ್ಟಾ ಉದಾಹರಣೆ. ಇಂಗ್ಲೆಂಡಿನ ಎಸಿ ಏಸ್. 1953ರಲ್ಲಿ ಬಂದಾಗ ಅದರಲ್ಲಿದ್ದದ್ದು ಎಸಿ ಕಂಪನಿಯದೇ 2 ಲೀಟರಿನ ಆರು ಸಿಲಿಂಡರ್ ಎಂಜಿನ್. ಅದರ ಮೂಲ ವಿನ್ಯಾಸ ಮೊದಲ ಮಹಾಯುದ್ಧ ಮುಗಿದ ಕಾಲದ್ದು, ಅಂದ್ರೆ ಕಾರು ಹೊಸದು, ಎಂಜಿನ್ ಅಜ್ಜ. ಆಮೇಲೆ ಬ್ರಿಸ್ಟಲ್ ಕಂಪನಿಯ ಎಂಜಿನ್ ಬಂತು, ಅದರ ಬೇರು ಎರಡನೇ ಮಹಾಯುದ್ಧಕ್ಕೆ ಮುಂಚಿನ ಬಿಎಂಡಬ್ಲ್ಯು 328ರಲ್ಲಿ. ಆಮೇಲೆ ಫೋರ್ಡ್ ಜೆಫರ್ ಅನ್ನುವ ಮನೆಮಂದಿ ಕಾರಿನ 2.6 ಲೀಟರ್ ಎಂಜಿನ್. ಮೂರು ಕಂಪನಿಯ ಮೂರು ಎಂಜಿನ್, ಮೂರಕ್ಕೂ ಏಸ್ ಅಂತಲೇ ಹೆಸರು. ಲೋಟಸ್ ಎಲೀಸ್ ಕೂಡ ಅಷ್ಟೇ. 1996ರಲ್ಲಿ ರೋವರ್ ಎಂಜಿನ್ ಜೊತೆ ಬಂತು, 2004ರ ಸುಮಾರಿಗೆ ಟೊಯೋಟಾ ಎಂಜಿನ್ ಬಂತು, ಯಾರೂ ಅತ್ತಿಲ್ಲ. ಎಲೀಸ್ ಅಂದ್ರೆ ಅಂಟು ಹಾಕಿ ಜೋಡಿಸಿದ ಅಲ್ಯೂಮಿನಿಯಂ ಚಾಸಿ ಮತ್ತು ಕಡಿಮೆ ತೂಕ. ಅದಕ್ಕೆ ಹೋಂಡಾದ ಕೆ20 ಎಂಜಿನ್ ಹಾಕುವವರು ಬಹಳ ಜನ ಇದ್ದಾರೆ, ನನ್ನ ಪ್ರಕಾರ ಅದು ಪೂರ್ತಿ ಎಲೀಸೇ.

ಆದರೆ ಏಸ್ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. 1962ರಲ್ಲಿ ಅಮೆರಿಕದ ರೇಸರ್ ಕ್ಯಾರಲ್ ಶೆಲ್ಬಿ ಅದೇ ಕಾರಿಗೆ ಫೋರ್ಡಿನ 4.2 ಲೀಟರ್ ವಿ8 ಹಾಕಿಸಿದರು. ಅದು ಏಸ್ ಆಗಿ ಉಳಿಯಲಿಲ್ಲ, ಕೋಬ್ರಾ ಆಯಿತು. ನಾಲ್ಕನೇ ಎಂಜಿನ್ ಏನು ಮಾಡಿತು, ಮೊದಲ ಮೂರು ಮಾಡದ್ದು? ಹಿಂದಿನ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಬಲ ಹಂಚುವ ಗೇರು) ಗಟ್ಟಿ ಮಾಡಬೇಕಾಯಿತು, ಬಾಡಿ ತಿದ್ದಬೇಕಾಯಿತು. 1965ರಲ್ಲಿ ಇನ್ನೂ ದೊಡ್ಡ 427 (ಘನ ಇಂಚು, ಸುಮಾರು 7 ಲೀಟರ್) ಎಂಜಿನ್ ಬಂದಾಗ ಹಳೆ ಚಾಸಿ ತಡೆಯುವುದಿಲ್ಲ ಅಂತ ಹೊಸದನ್ನೇ ಮಾಡಿದರು, ಪಟ್ಟಿ ಸ್ಪ್ರಿಂಗ್ ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಿದರು. ಅಂದ್ರೆ ಎಂಜಿನ್ ಬಂದು ಉಳಿದ ಕಾರನ್ನೆಲ್ಲ ತನಗೆ ಬೇಕಾದ ಹಾಗೆ ಬಗ್ಗಿಸಿತು. ಇದನ್ನೂ ಬರೆದಿಟ್ಟುಕೊಳ್ಳಿ: ಹೊಸ ಎಂಜಿನ್ ಕಾರಿಗೆ ಹೊಂದಿಕೊಂಡಿತಾ, ಇಲ್ಲ ಕಾರೇ ಎಂಜಿನ್ನಿಗೆ ಹೊಂದಿಕೊಳ್ಳಬೇಕಾಯಿತಾ?

ಎಂಜಿನ್ ಅಲ್ಲಿ ಏನೇನು ಕೆಲಸ ಮಾಡುತ್ತಿತ್ತು?

ಚಕ್ರ ತಿರುಗಿಸುವುದನ್ನು ಬಿಟ್ಟು ಅಂತ. ಇದು ಸ್ವಲ್ಪ ಬಿಡಿಸಿ ಹೇಳಬೇಕಾದ್ದು, ಮತ್ತೆ ಆರ್‌ಎಕ್ಸ್-7ಗೇ ಬರುತ್ತೇನೆ. 1991ರ ಕೊನೆಯಿಂದ 2002ರವರೆಗೆ ಬಂದ ಮೂರನೇ ತಲೆಮಾರಿನದು, ಎಲ್ಲರೂ ಎಫ್‌ಡಿ ಅನ್ನುವುದು.

ಅದರ 13ಬಿ ಎಂಜಿನ್ನಿನಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ. ಬದಿ ಉಬ್ಬಿದ ತ್ರಿಕೋನದಂಥ ಎರಡು ರೋಟರ್ ಇವೆ, ಒಂದೊಂದು 654 ಸಿಸಿ, ಒಟ್ಟು 1308. ಇಷ್ಟಕ್ಕೆ ಎರಡು ಟರ್ಬೊ. ಮುಖ್ಯ ವಿಷಯ ಏನಂದ್ರೆ ಟರ್ಬೊ, ಪೈಪು ಬಿಟ್ಟರೆ ಮೂಲ ಎಂಜಿನ್ ತುಂಬ ಪುಟ್ಟದು. ಹಾಗಾಗಿ ಅದನ್ನು ತಗ್ಗಿನಲ್ಲಿ, ಮುಂದಿನ ಚಕ್ರಗಳ ಗೆರೆಗಿಂತ ಹಿಂದೆ ತಳ್ಳಿ ಕೂರಿಸಲು ಆಯಿತು. ಬಾನೆಟ್ ಅಷ್ಟು ತಗ್ಗಾಗಿ ಬಂದದ್ದು ಅದಕ್ಕೆ. ತೂಕ ಮುಂದೆ ಹಿಂದೆ ಹೆಚ್ಚುಕಡಿಮೆ ಸಮ ಬಂದದ್ದೂ ಅದಕ್ಕೆ. ಅಂದ್ರೆ ಎಂಜಿನ್ ಮೂರು ಕೆಲಸ ಮಾಡುತ್ತಿತ್ತು. ಆಕಾರ ಕೊಟ್ಟಿತು, ತೂಕದ ಹಂಚಿಕೆ ಕೊಟ್ಟಿತು, ಮತ್ತೆ 8000 ಆರ್‌ಪಿಎಂವರೆಗೆ ನಡುಕವೇ ಇಲ್ಲದೆ ಏರುವ ಆ ಗುಣ ಕೊಟ್ಟಿತು.

ಈಗ ಎಲ್‌ಎಸ್1 ಹಾಕಿ ನೋಡಿ. 1997ರ ಕಾರ್ವೆಟ್ ಜೊತೆ ಬಂದ ಅಲ್ಯೂಮಿನಿಯಂ ವಿ8, 5.7 ಲೀಟರ್. ಕೇಳಿದರೆ ಆನೆ ಅನ್ನಿಸುತ್ತದೆ. ಆದರೆ ಅದರ ಒಂದೇ ಕ್ಯಾಮ್‌ಶಾಫ್ಟ್ ಬ್ಲಾಕ್ ಒಳಗೇ ಇರುವುದರಿಂದ ತಲೆಯ ಭಾಗ ಸಣ್ಣದು, ಹಾಗಾಗಿ ಅಳತೆಯಲ್ಲಿ ಅದು ಅನೇಕ ಸಣ್ಣ ಎಂಜಿನ್ನುಗಳಿಗಿಂತ ಗಿಡ್ಡ. ಆರ್‌ಎಕ್ಸ್-7 ಒಳಗೆ ಹಿಂದಕ್ಕೆ ತಳ್ಳಿ ಕೂರಿಸಬಹುದು, ತೂಕದ ಹಂಚಿಕೆ ಜಾಸ್ತಿ ಕೆಡುವುದಿಲ್ಲ. "ಮೂಗು ಭಾರ ಆಗಿ ಕಾರು ಹಾಳಾಗುತ್ತದೆ" ಅನ್ನುವುದು ಹೆಚ್ಚಾಗಿ ಓಡಿಸದವರ ಮಾತು.

ಹಾಗಾದರೆ ಮೊದಲ ಎರಡು ಕೆಲಸ ಉಳಿದವು. ಮೂರನೆಯದು ಪೂರ್ತಿ ಹೋಯಿತು. ಅಮೆರಿಕದ ಎಫ್‌ಡಿಯಲ್ಲಿ 255 ಅಶ್ವಶಕ್ತಿ, ಸುಮಾರು 294 ನ್ಯೂಟನ್ ಮೀಟರ್ ಟಾರ್ಕ್. ಕಾರ್ವೆಟ್‌ನಲ್ಲಿದ್ದ ಎಲ್‌ಎಸ್1ಗೆ 345 ಅಶ್ವಶಕ್ತಿ, ಸುಮಾರು 475 ನ್ಯೂಟನ್ ಮೀಟರ್, ಅದೂ 6000 ಆರ್‌ಪಿಎಂ ಹತ್ತಿರ ಮುಗಿದುಹೋಗುವ ಎಂಜಿನ್. ರೋಟರಿ ಕೇಳುತ್ತದೆ: ಇನ್ನೂ ಏರಿಸು, ಇನ್ನೂ ಏರಿಸು. ವಿ8 ಕೇಳುವುದೇ ಇಲ್ಲ, ತಾನೇ ಎಳೆದುಕೊಂಡು ಹೋಗುತ್ತದೆ.

ನನ್ನ ತೀರ್ಪು ಕೇಳಿದರೆ, ವಿ8 ಹಾಕಿದ ಎಫ್‌ಡಿ ತುಂಬ ಒಳ್ಳೆ ಕಾರು, ಆದರೆ ಅದು ಆರ್‌ಎಕ್ಸ್-7 ಅಲ್ಲ. ಆ ತಗ್ಗಿದ ಬಾನೆಟ್ ಈಗ ಅಲ್ಲಿಲ್ಲದ ಎಂಜಿನ್ನಿಗಾಗಿ ಹೊಲಿದ ಅಂಗಿ. ಅದೇ ಕಾರಿಗೆ 1990ರಲ್ಲಿ ಮಾಜ್ದಾದ್ದೇ ಯೂನೊಸ್ ಕಾಸ್ಮೊ ಕಾರಿನಲ್ಲಿ ಬಂದ ಮೂರು ರೋಟರಿನ 20ಬಿ ಎಂಜಿನ್ ಹಾಕಿ, ಅದು ಉದ್ದ ಜಾಸ್ತಿ, ಭಾರ ಜಾಸ್ತಿ, ಕೂರಿಸುವ ತಾಪತ್ರಯವೂ ಕಡಿಮೆ ಇಲ್ಲ, ಆದರೂ ಅದನ್ನು ಆರ್‌ಎಕ್ಸ್-7 ಅನ್ನಲು ನನಗೆ ಒಂದು ಕ್ಷಣವೂ ಬೇಡ.

ಮೈಸೂರಿನಲ್ಲಿ ಬೆಳೆದವರಿಗೆ ಇದು ಬೇಗ ಅರ್ಥ ಆಗುತ್ತದೆ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, 2022ರಲ್ಲಿ ಯೆಜ್ಡಿ ಹೆಸರು ವಾಪಸ್ ಬಂತು, 334 ಸಿಸಿಯ ನಾಲ್ಕು ಸ್ಟ್ರೋಕ್ ಎಂಜಿನ್ ಜೊತೆ. ಹಳೆ ಎರಡು ಸ್ಟ್ರೋಕಿನ ರೋಡ್‌ಕಿಂಗ್ ಇಟ್ಟುಕೊಂಡವರ ಎದುರು ಇದೂ ಯೆಜ್ಡಿನೇ ಅಂದು ನೋಡಿ, ಏನಾಗುತ್ತದೆ ಅಂತ. ಹೊಸದು ಕೆಟ್ಟ ಬೈಕ್ ಅಂತ ಅವರು ಹೇಳುವುದಿಲ್ಲ, ಸುಮ್ನೆ ನಗುತ್ತಾರೆ.

ಕೆಟ್ಟ ಎಂಜಿನ್ನಿನ ಜೊತೆ ಹೋಲಿಸಬೇಡಿ

ಸ್ವಾಪ್ ಮಾಡಿಸಿದವರಲ್ಲಿ ಎಷ್ಟೋ ಜನ ಮೂಲ ಎಂಜಿನ್ ಸರಿಯಾಗಿ ಓಡುವಾಗ ಹೇಗಿರುತ್ತದೆ ಅಂತ ನೋಡಿಯೇ ಇರುವುದಿಲ್ಲ. ಕೊಂಡಾಗಲೇ ಸುಸ್ತಾಗಿದ್ದ ಎಂಜಿನ್, ಆರು ತಿಂಗಳಲ್ಲಿ ಕೈಕೊಟ್ಟಿತು, ಅದನ್ನು ಕಿತ್ತು ವಿ8 ಹಾಕಿಸಿ "ಈಗ ಕಾರು ಕಾರಿನ ಹಾಗಾಯಿತು" ಅಂತಾರೆ. ಅದು ಹೋಲಿಕೆನೇ ಅಲ್ಲ.

ಹಾಗಾಗಿ ಸ್ವಾಪ್ ತೀರ್ಮಾನಕ್ಕೆ ಮುಂಚೆ ಕಂಪ್ರೆಷನ್ ಪರೀಕ್ಷೆ (ಎಂಜಿನ್ ಒಳಗೆ ಒತ್ತಡ ಸರಿಯಾಗಿ ಬರುತ್ತಿದೆಯಾ ಅಂತ ನೋಡುವುದು) ಮಾಡಿಸಿ. ರೋಟರಿಗೆ ಸಾಮಾನ್ಯ ಗೇಜ್ ಸಾಲದು, ಪ್ರತಿ ರೋಟರಿನ ಮೂರು ಮುಖವನ್ನೂ ಬೇರೆ ಬೇರೆ ತೋರಿಸುವ ಮೀಟರ್ ಬೇಕು. ಮೂರರಲ್ಲಿ ಎರಡು ತೀರಾ ಕಡಿಮೆ ಬಂದರೆ ರೋಟರಿನ ಮೂಲೆಯ ಸೀಲ್ ಹೋಗಿದೆ ಅಂತ ಲೆಕ್ಕ. ಇನ್ನೊಂದು ವಿಷಯ, ರೋಟರಿ ಆಯಿಲ್ ಕುಡಿಯುವುದು ರೋಗ ಅಲ್ಲ, ಸೀಲುಗಳಿಗೆ ಜಿಡ್ಡು ಸಿಗಲಿ ಅಂತ ಕಂಪನಿಯೇ ಹಾಗೆ ಮಾಡಿದೆ. ಇದು ಗೊತ್ತಿಲ್ಲದೆ ಆಯಿಲ್ ನೋಡದೆ ಓಡಿಸಿ, ಆಮೇಲೆ ರೋಟರಿಯೇ ಸರಿಯಿಲ್ಲ ಅನ್ನುವವರು ಬೇಕಾದಷ್ಟು.

ಆಮೇಲೆ ಚೆನ್ನಾಗಿರುವ ಮೂಲ ಕಾರೊಂದನ್ನು ಹುಡುಕಿ ಓಡಿಸಿ, ಕೊನೇಪಕ್ಷ ಪಕ್ಕದ ಸೀಟಿನಲ್ಲಿ ಕೂರಿ. ಮೂರನೇ ಗೇರಿನಲ್ಲಿ 60 ಕಿಲೋಮೀಟರ್ ವೇಗದಿಂದ ಪೂರ್ತಿ ಒತ್ತಿ. ಎಫ್‌ಡಿಯಲ್ಲಿ ಮೊದಲ ಟರ್ಬೊ ಎಳೆಯುತ್ತದೆ, 4500 ಆರ್‌ಪಿಎಂ ಆಸುಪಾಸು ಎರಡನೆಯದು ಸೇರಿಕೊಳ್ಳುತ್ತದೆ, ಆಗ ಬೆನ್ನಿಗೆ ಒಂದು ತಳ್ಳು. ಈಗ ಅದೇ ರಸ್ತೆ, ಅದೇ ಗೇರು, ಸ್ವಾಪ್ ಆದ ಕಾರು. ಯಾವುದು ಜೋರು ಅಂತ ನೋಡಬೇಡಿ, ಅದು ಅಂಕಿಅಂಶದ ಹಾಳೆ ನೋಡಿದರೇ ಗೊತ್ತಾಗುತ್ತದೆ. ನಿಮ್ಮ ಕೈ ಗೇರಿಗೆ ಎಷ್ಟು ಸಲ ಹೋಯಿತು, ತಿರುವಿಗೆ ಮುಂಚೆ ಏನು ಯೋಚಿಸಿದಿರಿ, ಕಿವಿ ಯಾವುದಕ್ಕೆ ಕಾಯುತ್ತಿತ್ತು, ಇದನ್ನು ಗಮನಿಸಿ. ಓಡಿಸುವ ರೀತಿಯೇ ಬದಲಾಗಿದ್ದರೆ ಕಾರು ಬದಲಾಗಿದೆ. ಓಡಿಸುವ ರೀತಿ ಹಳೆಯದೇ, ಸ್ವಲ್ಪ ಜಾಸ್ತಿ ಬಲ ಅಷ್ಟೇ ಅನ್ನಿಸಿದರೆ ಬದಲಾಗಿಲ್ಲ. ಡಾಟ್ಸನ್ 240ಝೆಡ್‌ಗೆ ಅದರ ತಮ್ಮ 280ಝೆಡ್‌ನ ಎಲ್28 ಹಾಕಿದಾಗ ಆಗುವುದು ಇದೇ, ಒಂದೇ ಮನೆತನದ ಎಂಜಿನ್, 2.4 ಲೀಟರ್ ಹೋಗಿ 2.8 ಬಂತು ಅಷ್ಟೇ. ಅದಕ್ಕೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಟೊಯೋಟಾ ಸುಪ್ರಾ ಇದರಲ್ಲಿ ತಮಾಷೆಯ ಕೇಸು. 2019ರ ಸುಪ್ರಾದಲ್ಲಿರುವುದು ಬಿಎಂಡಬ್ಲ್ಯು ಎಂಜಿನ್. ಅದನ್ನು ಕಿತ್ತು 1990ರ ದಶಕದ ಸುಪ್ರಾದ 2ಜೆಝೆಡ್ ಹಾಕಿ, ಈಗ ಇದು ನಿಜವಾದ ಸುಪ್ರಾ ಅನ್ನುವವರಿದ್ದಾರೆ. ಆದರೆ ಅದೇ 2ಜೆಝೆಡ್ ಎಂಜಿನ್ನು ಜಪಾನಿನಲ್ಲಿ ಅರಿಸ್ಟೊ ಅನ್ನುವ ನಾಲ್ಕು ಬಾಗಿಲಿನ ಕಾರಿನಲ್ಲೂ ಇತ್ತು. ಸುಪ್ರಾದ "ಇಷ್ಟು ಉಳಿದರೆ ಸಾಕು" ನನ್ನ ಲೆಕ್ಕದಲ್ಲಿ ಸಾಲಾಗಿ ನಿಂತ ಆರು ಸಿಲಿಂಡರ್. ಬಿಎಂಡಬ್ಲ್ಯು ಎಂಜಿನ್ ಕೂಡ ಅದೇ ತರಹದ್ದು. ಹಾಗಾಗಿ ಕಿತ್ತದ್ದಕ್ಕೂ ಹಾಕಿದ್ದಕ್ಕೂ ಗುರುತಿನ ಮಟ್ಟಿಗೆ ಏನೂ ಆಗಲಿಲ್ಲ. ಎರಡು ಸಿಲಿಂಡರ್ ಕಡಿಮೆ ಇರುವ 2 ಲೀಟರಿನ ಸುಪ್ರಾವನ್ನು ಟೊಯೋಟಾ ತಾನೇ ಮಾರಿತು, ಅದರ ಬಗ್ಗೆ ನನಗೆ ಜಾಸ್ತಿ ಅನುಮಾನ.

ತೂಗಿ ನೋಡಿ, ಬಾಯಿಮಾತು ಬೇಡ

ನಾಲ್ಕೂ ಚಕ್ರದ ಕೆಳಗೆ ಒಂದೊಂದು ತಕ್ಕಡಿ ಇಡುವ ಸೌಲಭ್ಯ ರೇಸಿಂಗ್ ವರ್ಕ್‌ಶಾಪ್‌ಗಳಲ್ಲಿ ಇರುತ್ತದೆ. ಸ್ವಾಪ್‌ಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ. ಎರಡೂ ಸಲ ಅಷ್ಟೇ ಪೆಟ್ರೋಲ್, ಟೈರಿನಲ್ಲಿ ಅಷ್ಟೇ ಗಾಳಿ, ಸೀಟಿನಲ್ಲಿ ನೀವೇ. 1300 ಕೆಜಿ ಕಾರಿನಲ್ಲಿ ಮುಂದಿನ ಪಾಲು ಶೇಕಡಾ 1 ಏರಿತು ಅಂದ್ರೆ 13 ಕೆಜಿ ಆಚೆ ಈಚೆ. ಅದನ್ನು ಸ್ಪ್ರಿಂಗ್, ಡ್ಯಾಂಪರ್ ತಿದ್ದಿ ಸರಿ ಮಾಡಬಹುದು. ಶೇಕಡಾ 3 ದಾಟಿದರೆ ತಿರುವಿನಲ್ಲಿ ನೀವು ಬೇರೆ ಕಾರು ಓಡಿಸುತ್ತಿದ್ದೀರಿ ಅಂತ ನಾನು ತಗೊಳ್ಳುತ್ತೇನೆ. ಇದು ನನ್ನ ಗೆರೆ, ನಿಮ್ಮದು ಬೇರೆ ಇರಬಹುದು. ತಕ್ಕಡಿ ಹೇಳದ ವಿಷಯ ಎತ್ತರ. ಎಂಜಿನ್ ಅಷ್ಟೇ ತೂಕ ಇದ್ದರೂ ಭಾರ ಮೇಲಕ್ಕೆ ಹೋಗಿದ್ದರೆ ಕಾರು ಜಾಸ್ತಿ ವಾಲುತ್ತದೆ.

ಕಾಗದದ ಗುರುತು ಬೇರೆ

ಕಾನೂನಿಗೆ ಕಾರಿನ ಗುರುತು ಚಾಸಿ ನಂಬರ್. ಇದನ್ನು ಬ್ರಿಟನ್ನಿನವರು ಚಂದವಾಗಿ ಲೆಕ್ಕಕ್ಕೆ ಇಳಿಸಿದ್ದರು. ತುಂಬ ಬದಲಾಯಿಸಿದ ಕಾರು ಹಳೆ ನೋಂದಣಿ ಉಳಿಸಿಕೊಳ್ಳಲು ಅಲ್ಲಿ ಬಹಳ ವರ್ಷ 8 ಅಂಕ ಬೇಕಿತ್ತು. ಚಾಸಿಗೆ 5, ಸಸ್ಪೆನ್ಷನ್ನಿಗೆ 2, ಆಕ್ಸಲ್‌ಗೆ 2, ಗೇರ್‌ಬಾಕ್ಸಿಗೆ 2, ಸ್ಟಿಯರಿಂಗ್‌ಗೆ 2. ಎಂಜಿನ್ನಿಗೆ ಎಷ್ಟು ಗೊತ್ತಾ? 1. ಒಟ್ಟು 14ರಲ್ಲಿ ಒಂದು.

ನಮ್ಮಲ್ಲಿ ಹಾಗಲ್ಲ. ಆರ್‌ಸಿಯಲ್ಲಿ ಚಾಸಿ ನಂಬರ್ ಜೊತೆ ಎಂಜಿನ್ ನಂಬರೂ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ಮಾದರಿಯ ಎಂಜಿನ್ ಹಾಕಿಸಿದರೂ ಆರ್‌ಟಿಒಗೆ ತಿಳಿಸಿ ಹೊಸ ನಂಬರ್ ಬರೆಸಬೇಕು. ಬೇರೆ ಕಂಪನಿಯ ವಿ8 ಅಂದ್ರೆ ರಸ್ತೆಯ ಮೇಲೆ ಆಸೆ ಬಿಟ್ಟುಬಿಡಿ, ಟ್ರ್ಯಾಕಿಗೆ ಟ್ರೇಲರ್ ಮೇಲೆ ಒಯ್ಯುವ ಕಾರು ಅಂದುಕೊಂಡೇ ಶುರು ಮಾಡಿ. ಬೆಂಗಳೂರಲ್ಲಿ ಕೂತು ವಿಡಿಯೋ ನೋಡಿ ಆಸೆಪಡುವವರು ಈ ಪ್ಯಾರಾ ಎರಡು ಸಲ ಓದಿ. ವಾಹನಕ್ಕೆ ವಿಮೆ ಕೇಳುವಾಗ ಎಂಜಿನ್ ನಂಬರ್ ತಾಳೆಯಾಗದಿದ್ದರೆ ಅದು ಇನ್ನೊಂದು ತಲೆನೋವು.

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಿಗೆ ಬೇರೆ ನಿಯಮ. ಅಲ್ಲಿ ಹಾಕುವ ಎಂಜಿನ್ ಕಾರಿನ ವರ್ಷದ್ದೇ ಅಥವಾ ಅದಕ್ಕಿಂತ ಹೊಸದಿರಬೇಕು, ಅದರ ಹೊಗೆ ನಿಯಂತ್ರಣದ ಸಾಮಾನೆಲ್ಲ ಜೊತೆಗೇ ಬರಬೇಕು, ಆಮೇಲೆ ರೆಫರಿ ಅನ್ನುವ ಅಧಿಕಾರಿ ನೋಡಿ ಒಪ್ಪಬೇಕು. 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಕಾರಿಗೆ ಹೊಗೆ ಪರೀಕ್ಷೆ ಇಲ್ಲ. ಅಲ್ಲಿ ಹಳೆ ಡಾಟ್ಸನ್ ಝೆಡ್ ಕಾರುಗಳ ಮೇಲೆ ಅಷ್ಟೊಂದು ಪ್ರಯೋಗ ನಡೆಯುವುದಕ್ಕೆ ಇದೂ ಒಂದು ಕಾರಣ.

ಮಾರುವಾಗ, ಕೊಳ್ಳುವಾಗ

ಸನ್‌ಬೀಮ್ ಟೈಗರ್ ಕಥೆ ಕೇಳಿ. 1964ರಲ್ಲಿ ಆಲ್ಪೈನ್ ಅನ್ನುವ ಸಾಧು ಕಾರಿಗೆ ಫೋರ್ಡ್ ವಿ8 ಹಾಕಿ ಟೈಗರ್ ಮಾಡಿದರು. ಜಾಗ ಎಷ್ಟು ಇಕ್ಕಟ್ಟು ಅಂದ್ರೆ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಲು ಕಾರಿನ ಒಳಗಿನಿಂದ ಕೈ ಹಾಕಬೇಕು. ಆಮೇಲೆ ಟೈಗರ್ ಬೆಲೆ ಏರಿತು. ಅದೇ ಫೋರ್ಡ್ ಎಂಜಿನ್ ತಂದು ಆಲ್ಪೈನಿಗೆ ಹಾಕಿ ಟೈಗರ್ ಅಂತ ಮಾರುವವರು ಹುಟ್ಟಿಕೊಂಡರು. ಅಂಥ ಕಾರಿಗೆ ಅಭಿಮಾನಿಗಳು ಆಲ್ಜರ್ ಅಂತ ಹೆಸರಿಟ್ಟರು, ಅರ್ಧ ಆಲ್ಪೈನ್, ಅರ್ಧ ಟೈಗರ್. ಈಗ ಮಾಲೀಕರ ಸಂಘದವರು ಬಾಡಿಯ ಸಣ್ಣ ಸಣ್ಣ ಗುರುತು ನೋಡಿ ಅಸಲಿ ಅಂತ ಪ್ರಮಾಣ ಕೊಡುತ್ತಾರೆ. ಎಂಜಿನ್ ನೋಡಿ ಕೊಡುವುದಿಲ್ಲ. ಎಂಜಿನ್ನಿನಿಂದಲೇ ಹುಲಿಯಾದ ಕಾರನ್ನು ಎಂಜಿನ್ ನೋಡಿ ಹುಲಿ ಅನ್ನುವಂತಿಲ್ಲ, ವಿಚಿತ್ರ ಅಲ್ವಾ?

ಇದರಿಂದ ಕಲಿಯಬೇಕಾದ್ದು ಸರಳ. ಯಾರು ಮಾಡಿದರು, ಯಾವಾಗ ಮಾಡಿದರು ಅನ್ನುವುದೂ ಕಾರಿನ ಗುರುತಿನ ಭಾಗ, ಹಾಗಾಗಿ ಅದನ್ನು ಮುಚ್ಚಿಡಬೇಡಿ. ಜಾಹೀರಾತಿನಲ್ಲಿ ಮೊದಲ ಸಾಲಿನಲ್ಲೇ "1993ರ ಆರ್‌ಎಕ್ಸ್-7 ಬಾಡಿ, ಎಲ್‌ಎಸ್1 ಎಂಜಿನ್, ಇಂಥ ವರ್ಷ ಹಾಕಿದ್ದು" ಅಂತ ಬರೆಯಿರಿ, ಹತ್ತನೇ ಸಾಲಿನಲ್ಲಿ ಅಲ್ಲ. ಫೋಟೋ, ಬಿಲ್ಲು, ತೂಕದ ಚೀಟಿ, ವೈರಿಂಗ್ ನಕ್ಷೆ ಎಲ್ಲ ಒಂದು ಫೈಲಿನಲ್ಲಿ ಇರಲಿ. ಕೊಳ್ಳುವವರಾದರೆ ಆ ಫೈಲ್ ಇಲ್ಲದ ಕಾರಿಗೆ ಕೈ ಹಾಕಬೇಡಿ, ಯಾಕಂದ್ರೆ ಸ್ವಾಪ್ ಆದ ಕಾರು ರಸ್ತೆಯಲ್ಲಿ ನಿಲ್ಲುವುದು ಹೆಚ್ಚಾಗಿ ಎಂಜಿನ್ನಿನಿಂದ ಅಲ್ಲ, ಯಾರೋ ಅವಸರದಲ್ಲಿ ಟೇಪ್ ಸುತ್ತಿದ ವೈರಿನಿಂದ.

ವರ್ಕ್‌ಶಾಪಿನವರಿಗೆ ಒಂದು ಷರತ್ತು ಹಾಕಿ: ಬಾಡಿಯಲ್ಲಿ ಏನನ್ನೂ ಕತ್ತರಿಸುವಂತಿಲ್ಲ, ಬೋಲ್ಟ್ ಬಿಚ್ಚಿದರೆ ಹಳೆಯದು ವಾಪಸ್ ಕೂರಬೇಕು. ಹಳೆ ಎಂಜಿನ್ ಮಾರಬೇಡಿ. ನಂಬರ್ ಕಾಣುವ ಹಾಗೆ ಫೋಟೋ ತೆಗೆದಿಡಿ, ಬಿಚ್ಚಿದ ಸಣ್ಣ ಸಾಮಾನಿಗೆಲ್ಲ ಚೀಟಿ ಕಟ್ಟಿ ಡಬ್ಬದಲ್ಲಿ ಹಾಕಿ. ರೋಟರಿ ಆದರೆ ಪ್ಲಗ್ ತೂತಿನಲ್ಲಿ ಸ್ವಲ್ಪ ಆಯಿಲ್ ಬಿಟ್ಟು, ಧೂಳು ಹೋಗದ ಹಾಗೆ ಮುಚ್ಚಿ, ಆಗಾಗ ಕೈಯಿಂದ ಒಂದೆರಡು ಸುತ್ತು ತಿರುಗಿಸುತ್ತಿರಿ, ಸೀಲ್ ಅಂಟಿಕೊಳ್ಳದ ಹಾಗೆ.